ಗಾಜಿಗೆ ಬಡಿದ ಕೆರೆರು, ರಸ್ತೆಯಲ್ಲಿ ಬಿದ್ದ ಪೊಸಮ್: ಗಾಯಗೊಂಡ ಕಾಡುಜೀವಿಗಳ ಆರೈಕೆ

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಗಾಯಗೊಂಡ ಕಾಡುಪ್ರಾಣಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಉಳಿಸಬೇಕು, ಅದರಲ್ಲಿ ಕೇಳೋದೇನಿದೆ ಅಂತೀರಿ, ಅಲ್ವಾ? ಸರಿ. ಆದರೆ ಇದನ್ನು ನೋಡಿ. ತಾಯಿ ಸತ್ತ ಪೊಸಮ್ ಮರಿಯೊಂದು ಸಿಡ್ನಿಯಲ್ಲಿ ಸಿಕ್ಕರೆ, ಸ್ವಯಂಸೇವಕರು ಅದನ್ನು ಬಟ್ಟೆಚೀಲದಲ್ಲಿ ಬೆಚ್ಚಗಿಟ್ಟು, ನಡುರಾತ್ರಿ ಎದ್ದು ಹಾಲುಣಿಸಿ ಬೆಳೆಸುತ್ತಾರೆ. ಅದೇ ಜಾತಿಯ ಪೊಸಮ್ ಅನ್ನು ನ್ಯೂಜಿಲೆಂಡ್‌ನ ಆಲ್ಬನಿಯಲ್ಲಿ ಜನ ಬೋನಿಟ್ಟು ಕೊಲ್ಲುತ್ತಾರೆ. ಎರಡೂ ಕಡೆಯವರು ಕಾಡನ್ನು ಪ್ರೀತಿಸುವವರೇ. ಹಾಗಾದರೆ ಯಾರು ಸರಿ?

ಉತ್ತರ ಹುಡುಕೋಕೆ ಆಲ್ಬನಿಯಿಂದಲೇ ಹೊರಡೋಣ. ಇದು ಆಕ್ಲೆಂಡ್ ಮಹಾನಗರದ ಉತ್ತರ ಭಾಗದಲ್ಲಿರುವ ಬಡಾವಣೆ. ಮ್ಯಾಸ್ಸಿ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಇಲ್ಲಿದೆ. ಲೂಕಸ್ ಕ್ರೀಕ್ ಎಂಬ ತೊರೆ ಹರಿಯುತ್ತದೆ, ಅದರ ಆಸುಪಾಸಿನಲ್ಲಿ ಹಳೇ ಕಾಡಿನ ತುಣುಕುಗಳು ಉಳಿದಿವೆ. ಆ ಕಾಡಿನ ಅಂಚಿಗೇ ಹೊಸ ಮನೆಗಳು ಬಂದಿವೆ, ದೊಡ್ಡ ದೊಡ್ಡ ಗಾಜಿನ ಬಾಗಿಲು ಇರುವಂಥವು. ಕಾಡು, ಪಕ್ಕದಲ್ಲೇ ಗಾಜು. ಹಕ್ಕಿಗಳ ಮಟ್ಟಿಗೆ ಇದು ಕೆಟ್ಟ ಜೋಡಿ.

ಈ ಗಾಜಿಗೆ ಬಡಿಯುವ ಹಕ್ಕಿಗಳಲ್ಲಿ ಮುಖ್ಯವಾದದ್ದು ಕೆರೆರು. ನ್ಯೂಜಿಲೆಂಡಿನ ಕಾಡುಪಾರಿವಾಳ. ನಮ್ಮೂರ ಪೇಟೆ ಪಾರಿವಾಳದ ಎರಡರಷ್ಟು ತೂಗುತ್ತದೆ, ಸುಮಾರು 550ರಿಂದ 850 ಗ್ರಾಂ. ಹಸಿರು ನೇರಳೆ ಮಿಂಚುವ ಬೆನ್ನು, ಬಿಳಿ ಬನಿಯನ್ ತೊಟ್ಟಂತೆ ಎದೆ. 2018ರಲ್ಲಿ ನ್ಯೂಜಿಲೆಂಡಿನ ಜನ ಮತ ಹಾಕಿ ಇದನ್ನು ‘ವರ್ಷದ ಹಕ್ಕಿ’ ಅಂತ ಆರಿಸಿದ್ದರು. ಕಾಡಿಗೆ ಇದು ಬೇಕಾಗಿರೋದು ಮಾತ್ರ ಅಂದಕ್ಕಲ್ಲ. ತವಾ, ಕರಕ, ತರಾಯ್ರೆ, ಪೂರಿರಿ ಮೊದಲಾದ ಮರಗಳ ಹಣ್ಣನ್ನು ಇದು ಇಡಿಯಾಗಿ ನುಂಗುತ್ತದೆ, ಬೀಜವನ್ನು ಬೇರೆಡೆ ಹಾಕುತ್ತದೆ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಮಾಡ್ತದಲ್ಲ, ಅದೇ ಕೆಲಸ. ವ್ಯತ್ಯಾಸ ಏನೆಂದರೆ, ಇಲ್ಲಿ ಈ ಕೆಲಸ ಮಾಡುತ್ತಿದ್ದ ಬೇರೆ ದೊಡ್ಡ ಹಕ್ಕಿಗಳು ಅಳಿದುಹೋಗಿವೆ. ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ಹರಡಲು ಇಲ್ಲಿನ ಕಾಡುಗಳಲ್ಲಿ ಹೆಚ್ಚುಕಡಿಮೆ ಕೆರೆರು ಒಂದೇ ಗತಿ.

ಈಗ ಒಂದು ಲೆಕ್ಕ ಮಾಡೋಣ. ಗುಬ್ಬಚ್ಚಿ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ, ವರ್ಷಕ್ಕೆ ಎರಡು ಮೂರು ಸಲ ಇಡುತ್ತದೆ. ಕೆರೆರು ಇಡುವುದು ಒಂದು ಗೂಡಿಗೆ ಒಂದೇ ಮೊಟ್ಟೆ. ಕಾವು ಕೂರಲು ನಾಲ್ಕು ವಾರ, ಮರಿ ಗೂಡು ಬಿಡಲು ಇನ್ನೂ ಒಂದು ತಿಂಗಳಿಗೂ ಹೆಚ್ಚು. ಅಷ್ಟರೊಳಗೆ ಇಲಿ, ಪೊಸಮ್, ಬೆಕ್ಕು, ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಗಾರ ಪ್ರಾಣಿ, ಯಾವುದಾದರೂ ಒಂದು ಬಂದರೆ ಮುಗಿಯಿತು. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಐದು ಗೂಡುಗಳಲ್ಲಿ ಒಂದು ಮಾತ್ರ ಯಶಸ್ವಿಯಾಗುತ್ತದೆ. ಅಂದರೆ ಐದು ಸಲ ಗೂಡು ಕಟ್ಟಿದರೆ ಒಂದು ಮರಿ. ಆ ಮರಿಯೂ ಮೊದಲ ವರ್ಷ ದಾಟಬೇಕು. ಹೀಗೆ ನಿಧಾನವಾಗಿ ಮರಿ ಮಾಡುವ, ಬಹುಕಾಲ ಬದುಕುವ ಜೀವಿಗಳಲ್ಲಿ ಒಂದು ನಿಯಮವಿದೆ: ಸಂಖ್ಯೆ ಏರುತ್ತದೋ ಇಳಿಯುತ್ತದೋ ಎಂಬುದು ಹೆಚ್ಚಾಗಿ ಬೆಳೆದ ಹಕ್ಕಿಗಳ ಉಳಿವನ್ನು ಅವಲಂಬಿಸಿರುತ್ತದೆ. ಗಾಜಿಗೆ ಬಡಿದು ಸತ್ತ ಒಂದು ದೊಡ್ಡ ಕೆರೆರು ಜಾಗಕ್ಕೆ ಇನ್ನೊಂದು ಬರಲು ಎಷ್ಟೋ ವರ್ಷ ಹಿಡಿಯಬಹುದು. ಆದ್ದರಿಂದ ‘ಒಂದು ಹಕ್ಕಿ ಉಳಿಸಿದರೆ ಏನಾಯ್ತು’ ಅನ್ನೋ ಪ್ರಶ್ನೆಗೆ ಉತ್ತರ, ಅದು ಯಾವ ಹಕ್ಕಿ ಅನ್ನೋದರ ಮೇಲೆ ನಿಂತಿದೆ.

ಹಕ್ಕಿ ಗಾಜಿಗೆ ಯಾಕೆ ಬಡಿಯುತ್ತದೆ? ಗಾಜು ಅದಕ್ಕೆ ಕಾಣುವುದಿಲ್ಲ. ಕಾಣೋದು ಗಾಜಿನಲ್ಲಿ ಬಿಂಬಿಸಿದ ಆಕಾಶ, ಮರ. ಮರದ ಕಡೆಗೆ ಹಾರ್ತಿದ್ದೇನೆ ಅಂತಲೇ ಅದು ಪೂರ್ತಿ ವೇಗದಲ್ಲಿ ಬರುತ್ತದೆ. ಪಾಮರ್‌ಸ್ಟನ್ ನಾರ್ತ್‌ನಲ್ಲಿ ಮ್ಯಾಸ್ಸಿ ವಿಶ್ವವಿದ್ಯಾಲಯದ ವೈಲ್ಡ್‌ಬೇಸ್ ಎಂಬ ವನ್ಯಜೀವಿ ಆಸ್ಪತ್ರೆ ಇದೆ. ಅಲ್ಲಿಗೆ ಬಂದ ಕೆರೆರುಗಳನ್ನು ಪರೀಕ್ಷಿಸಿದಾಗ ಒಂದು ವಿಷಯ ಗೊತ್ತಾಯಿತು. ವಾಹನಕ್ಕೆ ಸಿಕ್ಕವುಗಳಿಗೆ ರೆಕ್ಕೆ, ಕಾಲುಗಳ ಏಟು ಹೆಚ್ಚು. ಗಾಜಿಗೆ ಬಡಿದವುಗಳಿಗೆ ತಲೆ ಮತ್ತು ಎದೆಯ ಭಾಗದ ಏಟು ಹೆಚ್ಚು. ಅದರಲ್ಲೂ ಕೊರಕಾಯ್ಡ್ ಎಂಬ ಮೂಳೆ ಮುರಿಯುತ್ತದೆ. ಎದೆಮೂಳೆಯಿಂದ ಭುಜಕ್ಕೆ ಕೊಟ್ಟ ಆಸರೆ ಕಂಬ ಅಂದುಕೊಳ್ಳಿ ಇದನ್ನು. ಹಕ್ಕಿ ರೆಕ್ಕೆಯನ್ನು ಕೆಳಕ್ಕೆ ಬಡಿದಾಗ ಎದೆಯ ಸ್ನಾಯುಗಳು ಎಳೆಯುವ ಬಲವನ್ನೆಲ್ಲ ತಡೆದುಕೊಳ್ಳುವುದು ಇದೇ. ಕಂಬ ಮುರಿದರೂ ರೆಕ್ಕೆ ನೆಟ್ಟಗೇ ಮಡಚಿಕೊಂಡಿರುತ್ತದೆ, ರಕ್ತ ಕಾಣೋದಿಲ್ಲ. ನೋಡಿದವರು ‘ಏನೂ ಆಗಿಲ್ಲ, ಸ್ವಲ್ಪ ಬೆದರಿದೆ’ ಅಂತಾರೆ. ಇನ್ನೂ ಕೆಲವರು ‘ಕೊಳೆತ ಹಣ್ಣು ತಿಂದು ಅಮಲೇರಿದೆ’ ಅಂತ ನಗ್ತಾರೆ. ನೆಲದ ಮೇಲೆ ಸುಮ್ಮನೆ ಕೂತ ಕೆರೆರುವನ್ನು ಗಾಯಗೊಂಡ ಹಕ್ಕಿ ಅಂತಲೇ ಭಾವಿಸುವುದು ಕ್ಷೇಮ.

ಸರಿ, ಅಂಥ ಹಕ್ಕಿ ನಿಮ್ಮ ಅಂಗಳದಲ್ಲಿದೆ. ಏನು ಮಾಡಬೇಕು? ಒಂದು ರಟ್ಟಿನ ಡಬ್ಬ ತೆಗೆದುಕೊಳ್ಳಿ, ಗಾಳಿಯಾಡಲು ತೂತು ಮಾಡಿ, ತಳಕ್ಕೆ ಹಳೇ ಟವೆಲ್ ಹಾಸಿ. ಇನ್ನೊಂದು ಟವೆಲನ್ನು ಹಕ್ಕಿಯ ತಲೆ ಮುಚ್ಚುವಂತೆ ಮೇಲೆ ಹಾಕಿ, ಎರಡೂ ರೆಕ್ಕೆ ಮೈಗೆ ಅಂಟಿರುವ ಹಾಗೆ ಮೆಲ್ಲಗೆ ಎತ್ತಿ ಒಳಗಿಡಿ. ಬಿಗಿಯಾಗಿ ಹಿಡಿಯಬೇಡಿ, ಪಾರಿವಾಳಗಳು ಹೆದರಿದಾಗ ಗರಿ ಉದುರಿಸುತ್ತವೆ. ಮುಚ್ಚಳ ಹಾಕಿ, ಕತ್ತಲಾದ, ಸದ್ದಿಲ್ಲದ, ಬೆಚ್ಚಗಿನ ಕೋಣೆಯಲ್ಲಿಡಿ. ಮಕ್ಕಳು, ನಾಯಿ, ಟಿವಿ ಎಲ್ಲ ದೂರ. ಆಮೇಲೆ ಫೋನ್ ಮಾಡಿ.

ಈಗ ಮಾಡಬಾರದ್ದು. ನೀರು ಕುಡಿಸಬೇಡಿ. ಇದನ್ನು ನಮ್ಮವರಿಗೆ ಒಪ್ಪಿಸೋದು ಕಷ್ಟ, ಯಾಕಂದ್ರೆ ಬಿದ್ದವರ ಬಾಯಿಗೆ ನೀರು ಬಿಡುವುದು ನಮ್ಮ ಕೈಗೆ ಬಂದ ಅಭ್ಯಾಸ. ಆದರೆ ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ. ಅರೆಪ್ರಜ್ಞೆಯ ಹಕ್ಕಿಗೆ ಬಿಟ್ಟ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ಬ್ರೆಡ್ಡು, ಅನ್ನ ಯಾವುದೂ ಬೇಡ. ಹಕ್ಕಿಗಳಿಗೆ ಹಾಲಿನ ಸಕ್ಕರೆ ಅರಗದು. ಸವರಿ ಸಮಾಧಾನ ಮಾಡುವುದೂ ಬೇಡ. ಕಾಡಿನ ಹಕ್ಕಿಗೆ ನಮ್ಮ ಕೈ ಅಂದರೆ ಬೇಟೆಗಾರನ ಉಗುರು. ನಮ್ಮ ಪ್ರೀತಿಯ ಮಾತು ಅದರ ಎದೆಬಡಿತವನ್ನು ಏರಿಸುತ್ತದೆ. ಮತ್ತೆ, ಬೇಟೆಗಾರ ಹಕ್ಕಿಯಾದರೆ ಉಗುರು, ಬಕ ಅಥವಾ ಕಡಲ ಹಕ್ಕಿಯಾದರೆ ಕೊಕ್ಕು, ಇವು ನಿಮ್ಮ ಕಣ್ಣಿಗೇ ಬರುತ್ತವೆ. ಅಂಥವನ್ನು ತಿಳಿದವರು ಬರುವ ತನಕ ಮುಟ್ಟಬೇಡಿ.

ಯಾರಿಗೆ ಫೋನ್ ಮಾಡೋದು? ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ ತುರ್ತು ಸಂಖ್ಯೆ 0800 362 468. ಆಕ್ಲೆಂಡಿನ ಗ್ರೀನ್ ಬೇಯಲ್ಲಿ ಬರ್ಡ್‌ಕೇರ್ ಆಓಟೆಯಾರೋವಾ ಎಂಬ ಹಕ್ಕಿಗಳ ಆರೈಕೆ ಸಂಸ್ಥೆ ಇದೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮನೆಯಲ್ಲೇ ಇಟ್ಟುಕೊಂಡು ಸಾಕೋಣ ಅಂದುಕೊಂಡರೆ ಅದು ಕಾನೂನಿಗೆ ವಿರುದ್ಧ. 1953ರ ವನ್ಯಜೀವಿ ಕಾಯ್ದೆ ಪ್ರಕಾರ ಸ್ಥಳೀಯ ಹಕ್ಕಿಗಳನ್ನು ಇಟ್ಟುಕೊಳ್ಳಲು ಇಲಾಖೆಯ ಅನುಮತಿ ಬೇಕು. ಕರ್ನಾಟಕದಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ಇದೇ. ಬೆಂಗಳೂರಿನಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬಹುದು, ಅಥವಾ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಯ್ಯಬಹುದು.

ಆಸ್ಪತ್ರೆಯೊಳಗೆ ಏನಾಗುತ್ತದೆ? ವೈದ್ಯರ ಕೆಲಸ ಒಂದು ಪಾಲಾದರೆ, ಸ್ವಯಂಸೇವಕರದ್ದು ಹತ್ತು ಪಾಲು. ಟವೆಲ್ ಒಗೆಯುವುದು, ಪಂಜರ ತೊಳೆಯುವುದು, ಹಣ್ಣು ಹೆಚ್ಚುವುದು, ದಿನಾ ತೂಕ ನೋಡಿ ಗ್ರಾಂ ಲೆಕ್ಕದಲ್ಲಿ ಬರೆದಿಡುವುದು. ಹಕ್ಕಿ ತನ್ನ ನೋವನ್ನು ಮುಚ್ಚಿಡುತ್ತದೆ, ತೂಕ ಮಾತ್ರ ಮುಚ್ಚಿಡೋಕಾಗಲ್ಲ. ಪಂಜರದ ಕೆರೆರು ಎಷ್ಟೋ ಸಲ ತಾನಾಗಿ ತಿನ್ನುವುದಿಲ್ಲ. ಆಗ ಪಳಗಿದ ಕೈಯವರು ಬಟಾಣಿ, ಹಣ್ಣಿನ ಚೂರುಗಳನ್ನು ಬಾಯೊಳಗಿಟ್ಟು ತಿನ್ನಿಸಬೇಕಾಗುತ್ತದೆ. ಮೂಳೆ ಕೂಡಿದ ಮೇಲೆ ಉದ್ದನೆಯ ಪಂಜರದಲ್ಲಿ ಹಾರಾಟದ ಅಭ್ಯಾಸ, ಯಾಕಂದ್ರೆ ವಾರಗಟ್ಟಲೆ ಕೂತ ಎದೆಯ ಸ್ನಾಯು ಸೊರಗಿರುತ್ತದೆ. ಮರಿಯಾಗಿದ್ದರೆ ಇನ್ನೂ ಒಂದು ಎಚ್ಚರ: ಮನುಷ್ಯರನ್ನೇ ತನ್ನವರು ಅಂದುಕೊಳ್ಳದಂತೆ, ಆದಷ್ಟು ಅದೇ ಜಾತಿಯ ಇನ್ನೊಂದು ಮರಿಯ ಜೊತೆ ಬೆಳೆಸುತ್ತಾರೆ. ಹೆಸರಿಡುವುದು, ಮುದ್ದಾಡುವುದು, ಮಾತಾಡಿಸುವುದು ಇಲ್ಲ. ನಿಮ್ಮನ್ನು ಕಂಡರೆ ದೂರ ಹಾರುವ ಹಕ್ಕಿಯೇ ಒಳ್ಳೆಯ ಆರೈಕೆಯ ಫಲ.

ಮತ್ತೆ ಕೆಲವು ಹಕ್ಕಿಗಳು ಇನ್ನೆಂದೂ ಹಾರಲಾರವು. ಅವುಗಳಿಗೆ ನೋವಿಲ್ಲದ ಸಾವು ಕೊಡುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಎಡವುವುದು ಹೆಚ್ಚಾಗಿ ಇಲ್ಲೇ. ‘ಪಂಜರದಲ್ಲಾದರೂ ಬದುಕಲಿ’ ಅನ್ನಿಸುತ್ತದೆ. ಆದರೆ ಪುನರ್ವಸತಿಯ ಗುರಿ ಹಕ್ಕಿಯ ಉಸಿರು ಹೇಗಾದರೂ ಉಳಿಸುವುದಲ್ಲ, ಅದನ್ನು ಅದರ ಕಾಡಿಗೆ ಹಿಂತಿರುಗಿಸುವುದು.

ಈ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಪೊಸಮ್‌ಗೆ ಬರೋಣ. ಇದು ಆಸ್ಟ್ರೇಲಿಯಾದ ಚೀಲಪ್ರಾಣಿ, ಬೆಕ್ಕಿನ ಗಾತ್ರ, ಪೊದೆಬಾಲ. ಅಲ್ಲಿ ಅದು ಕಾಡಿನ ಸಹಜ ಸದಸ್ಯ, ಕಾನೂನಿನ ರಕ್ಷಣೆ ಇದೆ. 1985ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ ವೈರ್ಸ್ ಮೊದಲಾದ ಸಂಸ್ಥೆಗಳು ಸಾವಿರಾರು ಸ್ವಯಂಸೇವಕರಿಗೆ ತರಬೇತಿ ಕೊಟ್ಟಿವೆ. ರಸ್ತೆಯಲ್ಲಿ ಚೀಲಪ್ರಾಣಿ ಸತ್ತು ಬಿದ್ದಿದ್ದರೆ ಹೊಟ್ಟೆಚೀಲದಲ್ಲಿ ಮರಿ ಜೀವಂತ ಇದೆಯೇ ಅಂತ ನೋಡಬೇಕು ಅನ್ನೋದು ಅಲ್ಲಿ ಎಷ್ಟೋ ಜನರಿಗೆ ಗೊತ್ತು. ಮೊಲೆತೊಟ್ಟಿಗೆ ಅಂಟಿಕೊಂಡ ಮರಿಯನ್ನು ಕಿತ್ತೆಳೆಯಬಾರದು, ದನದ ಹಾಲು ಕೊಡಬಾರದು ಅನ್ನೋದೂ.

ನ್ಯೂಜಿಲೆಂಡಿಗೆ ಪೊಸಮ್ ಬಂದದ್ದು ತುಪ್ಪಳದ ವ್ಯಾಪಾರಕ್ಕೆ. 1837ರ ಪ್ರಯತ್ನ ಫಲಿಸಲಿಲ್ಲ, 1858ರ ಹೊತ್ತಿಗೆ ಅವು ನೆಲೆಯೂರಿದವು. ಇಲ್ಲಿ ಅವನ್ನು ಹಿಡಿದು ತಿನ್ನುವ ಪ್ರಾಣಿಗಳಿರಲಿಲ್ಲ, ಇಲ್ಲಿನ ಮರಗಳ ಎಲೆಯಲ್ಲಿ ನೀಲಗಿರಿ ಮರದಂಥ ಕಟು ರಸಾಯನಗಳೂ ಇರಲಿಲ್ಲ. ಹೀಗಾಗಿ ಅವು ಕೋಟಿಗಟ್ಟಲೆ ಬೆಳೆದವು. ಬರೀ ಎಲೆ ತಿನ್ನುತ್ತವೆ ಅಂತಲೇ ಬಹುಕಾಲ ಎಲ್ಲರೂ ನಂಬಿದ್ದರು. 1990ರ ದಶಕದಲ್ಲಿ ಗೂಡುಗಳ ಎದುರು ಕ್ಯಾಮೆರಾ ಇಟ್ಟಾಗ, ಅವು ಮೊಟ್ಟೆ ಮರಿಗಳನ್ನೂ ತಿನ್ನುವುದು ದಾಖಲಾಯಿತು. ಕೆರೆರು ಇಡುವ ಆ ಒಂದೇ ಮೊಟ್ಟೆ ನೆನಪಿದೆಯಲ್ಲ? 2016ರಲ್ಲಿ ನ್ಯೂಜಿಲೆಂಡ್ ಸರ್ಕಾರ ಇಲಿ, ಸ್ಟೋಟ್ ಜೊತೆ ಪೊಸಮ್ ಅನ್ನೂ 2050ರೊಳಗೆ ದೇಶದಿಂದ ಇಲ್ಲವಾಗಿಸುವ ಗುರಿ ಘೋಷಿಸಿತು.

ಹಾಗಾದರೆ ಹೊರಗಿನಿಂದ ಬಂದದ್ದೆಲ್ಲ ಶತ್ರುವೇ? ಅಲ್ಲ. ತೌಹೋ ಎಂಬ ಪುಟ್ಟ ಹಕ್ಕಿ ಇದೆ, ನಮ್ಮ ಬೆಳ್ಗಣ್ಣದ ಹತ್ತಿರದ ನೆಂಟ. 1850ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಕಡಲು ದಾಟಿ ತಾನಾಗಿ ಬಂದು ನೆಲೆಸಿತು. ಮಾವೋರಿ ಭಾಷೆಯಲ್ಲಿ ತೌಹೋ ಅಂದರೆ ಹೊಸಬ, ಅಪರಿಚಿತ. ಇವತ್ತು ಅದು ಸ್ಥಳೀಯ ಹಕ್ಕಿ, ಗಾಯವಾದರೆ ಆರೈಕೆ ಸಿಗುತ್ತದೆ. ಮನುಷ್ಯ ತಂದು ಬಿಟ್ಟದ್ದೋ, ತಾನಾಗಿ ಬಂದದ್ದೋ, ಬಂದ ಮೇಲೆ ಕಾಡನ್ನು ಏನು ಮಾಡಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಂದರೆ ಆಲ್ಬನಿಯ ರಸ್ತೆಯಲ್ಲಿ ಕಾರಿಗೆ ಸಿಕ್ಕು ನರಳುತ್ತಿರುವ ಪೊಸಮ್ ಕಂಡರೆ ನೋಡದೆ ಹೋಗಿಬಿಡಬೇಕೇ? ಬೇಡ. ನ್ಯೂಜಿಲೆಂಡಿನ 1999ರ ಪ್ರಾಣಿ ಕ್ಷೇಮ ಕಾಯ್ದೆ ಪೀಡೆ ಪ್ರಾಣಿಗೆ ಬೇಕಂತಲೇ ಹಿಂಸೆ ಕೊಡಲು ಬಿಡುವುದಿಲ್ಲ. ಪಶುವೈದ್ಯರಿಗೆ ತಿಳಿಸಿ. ಅವರು ಅದರ ನೋವನ್ನು ಬೇಗ ಮುಗಿಸುತ್ತಾರೆ. ಸಿಡ್ನಿಯಲ್ಲಿ ಕರುಣೆ ಅಂದರೆ ಹಾಲುಣಿಸಿ ಕಾಡಿಗೆ ಬಿಡುವುದು, ಆಲ್ಬನಿಯಲ್ಲಿ ಕರುಣೆ ಅಂದರೆ ಆ ನೋವನ್ನು ಮುಗಿಸುವುದು. ಪ್ರಾಣಿಯ ನೋವು ಎರಡೂ ಕಡೆ ಒಂದೇ. ಹಿಂತಿರುಗಿಸಬೇಕಾದ ಕಾಡು ಬೇರೆ. ಹಾಗಾಗಿ ಎರಡೂ ಕಡೆಯವರು ಸರಿ. ಇದು ಮನಸ್ಸಿಗೆ ಹಿತವಾಗುವ ಉತ್ತರವಲ್ಲ, ಗೊತ್ತು. ಆದರೆ ಪೊಸಮ್ ಅನ್ನು ಗುಣಪಡಿಸಿ ಇಲ್ಲಿನ ಕಾಡಿಗೆ ಬಿಟ್ಟರೆ, ಅದರ ಬೆಲೆಯನ್ನು ನಮ್ಮ ಕಣ್ಣಿಗೆ ಕಾಣದ ಗೂಡೊಂದು ಕಟ್ಟುತ್ತದೆ.

ಕೊನೆಗೆ, ಕೇಳುಗರಿಗೆ ಉಪಯೋಗವಾಗುವ ಎರಡು ಮಾತು. ಒಂದು, ನೆಲದಲ್ಲಿ ಕಂಡ ಮರಿಯೆಲ್ಲ ಅನಾಥವಲ್ಲ. ಮೈತುಂಬ ಗರಿ ಇದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕನ್ನು ಒಳಗೆ ಹಾಕಿ, ದೂರ ನಿಂತು ನೋಡಿ. ಗರಿ ಇಲ್ಲದ ಮರಿ ಬಿದ್ದಿದ್ದರೆ, ಗಾಯವಾಗಿರದಿದ್ದರೆ, ಗೂಡಿಗೇ ಮರಳಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸೋದಿಲ್ಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದು ನಿಜವಲ್ಲ.

ಎರಡು, ಗಾಜು. ಹದ್ದಿನ ಆಕಾರದ ಒಂದೇ ಸ್ಟಿಕ್ಕರ್ ಅಂಟಿಸಿದರೆ ಸಾಲದು, ಹಕ್ಕಿ ಅದರ ಪಕ್ಕದಿಂದ ಹೋಗಲು ನೋಡುತ್ತದೆ. ಗಾಜಿನ ಹೊರಮೈ ಮೇಲೆ ಐದೈದು ಸೆಂಟಿಮೀಟರ್ ಅಂತರಕ್ಕೆ ಚುಕ್ಕಿಗಳೋ ಗೆರೆಗಳೋ ಇರಲಿ. ರಂಗೋಲಿಗೆ ಚುಕ್ಕಿ ಇಟ್ಟು ಅಭ್ಯಾಸವಿರುವ ನಮಗೆ ಇದೇನು ದೊಡ್ಡ ಕೆಲಸ, ಅಲ್ವಾ? ಆ ಚುಕ್ಕಿಗಳು ತಪ್ಪಿಸುವ ಒಂದು ಏಟು, ಆಸ್ಪತ್ರೆಯ ವಾರಗಟ್ಟಲೆ ಆರೈಕೆಗಿಂತ ಮೇಲು.

ನಿಮ್ಮೂರಿನಲ್ಲಿ ಗಾಯಗೊಂಡ ಕಾಡುಜೀವಿ ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು ಅಂತ ಇವತ್ತೇ ಹುಡುಕಿ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.