ಕೆಲಸ ಒಪ್ಪಿಸು, ರುಜು ಒಪ್ಪಿಸಬೇಡ

ಪ್ರೀತಿಯ ತಮ್ಮನಿಗೆ,

ಮಾರಿಕುಪ್ಪಂನಿಂದಲೋ ಬಂಗಾರಪೇಟೆಯಿಂದಲೋ ದಿನಾ ಬೆಂಗಳೂರಿನ ರೈಲು ಹತ್ತುವ ನಿನ್ನ ವಯಸ್ಸಿನವರ ಬಾಯಲ್ಲಿ ಈಗ ಎಐ ಏಜೆಂಟಿನದೇ ಮಾತು. ಅದೇನೆಂದು ಮೊದಲು ನೆಟ್ಟಗೆ ತಿಳಿದುಕೋ. ಚಾಟ್‌ಬಾಟ್ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಏಜೆಂಟ್‌ಗೆ ಆಗಬೇಕಾದ ಕೆಲಸ ಹೇಳಿದರೆ ಸಾಕು, ತಾನೇ ಹಂತ ಮಾಡಿಕೊಂಡು, ಇಮೇಲ್ ಓದಿ, ಲೆಕ್ಕದ ಸಾಫ್ಟ್‌ವೇರ್ ತೆರೆದು, ಸರಿಬಾರದಿದ್ದರೆ ಬೇರೆ ದಾರಿ ಹಿಡಿದು ಮುಗಿಸಿಬಿಡುತ್ತದೆ. ಉಪಯೋಗವೂ ಅಪಾಯವೂ ಇರುವುದು ಆ ಮುಗಿಸಿಬಿಡುವ ಗುಣದಲ್ಲೇ. ತಿದ್ದಲು ಬರುವ ಕೆಲಸವನ್ನು ಧಾರಾಳವಾಗಿ ಅದಕ್ಕೆ ಬಿಡು. ಹಿಂದಕ್ಕೆ ಪಡೆಯಲಾಗದ ಹೆಜ್ಜೆಯನ್ನು ಮಾತ್ರ ನಿನ್ನ ಒಪ್ಪಿಗೆಯಿಲ್ಲದೆ ಇಡಗೊಡಬೇಡ.

ಬಂಗಾರಪೇಟೆಯ ಅಕ್ಕಿ ಮಿಲ್ಲಿನ ಬಿಲ್ಲಿಂಗನ್ನೇ ನೋಡು. ಆರ್ಡರ್ ಓದಿ, ದಾಸ್ತಾನು ನೋಡಿ, ಬಿಲ್ ಬರೆದು, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ತೆಗೆಯುವವರೆಗಿನ ಕೆಲಸವನ್ನೆಲ್ಲ ಏಜೆಂಟ್ ಮಾಡಬಲ್ಲದು. ಆದರೆ 2022ರ ಜುಲೈ 18ರಿಂದ ಲೇಬಲ್ ಹಾಕಿ ಕಟ್ಟಿದ 25 ಕೆಜಿವರೆಗಿನ ಚೀಲಕ್ಕೆ ಶೇ 5 ಜಿಎಸ್‌ಟಿ; 26 ಕೆಜಿ ಚೀಲಕ್ಕಿಲ್ಲ. ಅಂಗಡಿಗಳಲ್ಲಿ 26ರ ಚೀಲ ಕಾಣುವುದು ಅದಕ್ಕೇ. ಆರ್ಡರಿನಲ್ಲಿ 'ದೊಡ್ಡ ಚೀಲ 40' ಎಂದಷ್ಟೇ ಇದ್ದರೆ ಏಜೆಂಟ್ ಊಹಿಸಿ, ಊಹೆಯನ್ನೇ ಖಚಿತವೆಂಬಂತೆ ಬರೆದುಬಿಡಬಹುದು. ಕರಡು ಬಿಲ್ಲಾದರೆ ತಿದ್ದಬಹುದು. ಇ-ವೇ ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬೇಕು, ಆಮೇಲೆ ಆಗದು. ಬ್ಯಾಂಕಿನಿಂದ ಹೋದ ಹಣಕ್ಕೆ ಅಷ್ಟೂ ಪುರುಸೊತ್ತಿಲ್ಲ.

ಹೆಜ್ಜೆಹೆಜ್ಜೆಗೂ ಕಾಯುವುದಾದರೆ ಏಜೆಂಟ್ ಯಾಕೆ, ಮನುಷ್ಯ ತಪ್ಪು ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಹೆಜ್ಜೆಹೆಜ್ಜೆಗೂ ಕಾಯಬೇಕಿಲ್ಲ, ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದರಾಯಿತು. ನಿಮ್ಮೂರು ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯನ್ನೇ ನೋಡು, ಅದು ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು, ಪ್ರಾಣಗಳು ಹೋಗುತ್ತಿದ್ದವು. ಕಂಪನ ಮಾಪಕಗಳು ಸಿಡಿತ ಎಲ್ಲಾಯಿತೆಂದು ತೋರಿಸುತ್ತಿದ್ದವು. ಆ ಜಾಗಕ್ಕೆ ಮತ್ತೆ ಆಳುಗಳನ್ನು ಇಳಿಸಬಹುದೇ ಎಂಬುದನ್ನು ಬಂಡೆಯ ಗುಣ ಬಲ್ಲವರೇ ಹೊಣೆ ಹೊತ್ತು ಹೇಳಬೇಕಿತ್ತು. ಮನುಷ್ಯ ತಪ್ಪಿದರೆ ಕೇಳಲು ಒಬ್ಬರಿರುತ್ತಾರೆ. ಏಜೆಂಟ್ ತಪ್ಪಿದರೆ ಉತ್ತರ ಹೇಳಬೇಕಾದವನು ನೀನೇ.

ಇನ್ನು ಕೆಲಸ ಹೋಗುತ್ತದೆಂಬ ಭಯ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿಸಿಕೊಂಡ ಊರಿಗೆ ಹೆದರಬೇಡ ಎನ್ನಲು ನನಗೆ ಮನಸ್ಸಿಲ್ಲ. ಕಂಡದ್ದನ್ನು ಕಂಡಂತೆ ಟೈಪಿಸುವ ಕೆಲಸಕ್ಕೆ ಪೆಟ್ಟು ಬೀಳುತ್ತದೆ. ಆದರೆ 25ಕ್ಕೂ 26ಕ್ಕೂ ಇರುವ ವ್ಯತ್ಯಾಸ ಬಲ್ಲವನಿಲ್ಲದೆ ಏಜೆಂಟಿನ ಬಿಲ್ ನಂಬುವಂತಿಲ್ಲ. ಹಾಗಾಗಿ ಏಜೆಂಟ್ ನಡೆಸುವುದನ್ನು ಕಲಿ, ಜೊತೆಗೆ ಕಸುಬನ್ನೂ ಕಲಿ. ಹೋದ ತಿಂಗಳ ಹಳೆಯ ಆರ್ಡರುಗಳಲ್ಲಿ ಹೆಸರು, ಫೋನ್ ನಂಬರ್ ಅಳಿಸಿ ಅದಕ್ಕೆ ಕೊಡು. ಅದು ಬರೆದ ಬಿಲ್ಲುಗಳನ್ನು ಅಸಲಿನ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡು. ಎಲ್ಲೆಲ್ಲಿ ತಪ್ಪಿದೆಯೋ ಗುರುತು ಹಾಕಿಕೊಂಡು, ಅಲ್ಲೆಲ್ಲ ನಿನ್ನನ್ನು ಕೇಳಿಯೇ ಮುಂದುವರಿಯುವಂತೆ ಅದಕ್ಕೆ ಕಟ್ಟು ಹಾಕು.

ಇತಿ,
ನಿನ್ನ ಹಿತೈಷಿ