ಖಳನ ಕಥೆ ಬರೆಯುವವರಿಗೆ ಆರು ಪಾಠ

ಖಳನನ್ನೇ ನಡುವೆ ನಿಲ್ಲಿಸಿ ಸೂಪರ್‌ಹೀರೋ ಕಾಮಿಕ್ಸ್ ಬರೆಯುತ್ತ, ಮೈಸೂರಿನ ಹುಡುಗರು ಬರೆದು ತಂದ ಪುಟಗಳನ್ನು ತಿದ್ದುತ್ತ ನನಗೆ ಮನದಟ್ಟಾದ ಸಂಗತಿಗಳಿವು.

1. ಮೊದಲು ಕಟ್ಟಿ, ಆಮೇಲೆ ಒಡೆಯಿರಿ.
1986ರಲ್ಲಿ ‘ದಿ ಡಾರ್ಕ್ ನೈಟ್ ರಿಟರ್ನ್ಸ್’, ‘ವಾಚ್‌ಮೆನ್’ ಕಾಮಿಕ್ಸ್ ಶುರುವಾದಾಗ ಸೂಪರ್‌ಮ್ಯಾನ್‌ಗೆ ಆಗಲೇ 48 ವರ್ಷ. ತಲೆಮಾರುಗಳ ನಂಬಿಕೆ ಮುರಿದದ್ದಕ್ಕೇ ಅವು ಚುಚ್ಚಿದವು. ಕನ್ನಡ ಕಾಮಿಕ್ಸ್‌ಗೆ ಅಂಥ ಬಂಡವಾಳವಿಲ್ಲ. ನಿಮ್ಮ ಹೀರೋ ಮೊದಲ ಪುಟದಲ್ಲೇ ಕುಡುಕನೋ ಲಂಚಕೋರನೋ ಆಗಿದ್ದರೆ ಯಾರಿಗೂ ಏನೂ ಅನ್ನಿಸದು. ಅವನನ್ನು ಓದುಗ ಮೆಚ್ಚುವಷ್ಟು ಪುಟ ಕೊಡಿ.

2. ಖಳನಿಗೆ ದುಃಖ ಕೊಡಿ, ವಕಾಲತ್ತು ಬೇಡ.
ರನ್ನನ ‘ಗದಾಯುದ್ಧ’ದ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನಿಗಾಗಿ, ಕರ್ಣನಿಗಾಗಿ ಅಳುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚುತ್ತಾನೆ. ಛಲ ಮಾತ್ರ ಕರಗುವುದಿಲ್ಲ. ಕಾವ್ಯದ ನಾಯಕ ಭೀಮನಾದರೂ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವವನು ಇವನೇ. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀ ಆ ಕಾವ್ಯವನ್ನೇ ನಾಟಕಕ್ಕೆ ತಂದರು. ಬಾಲ್ಯದ ಕಷ್ಟವನ್ನು ಎಂಟು ಪುಟ ಹೇಳಿ ಖಳನನ್ನು ಖುಲಾಸೆ ಮಾಡುವುದು ಬೇರೆ, ಇದು ಬೇರೆ.

3. ವೇಷವನ್ನು ನಂಬಿಕೊಳ್ಳಬೇಡಿ.
ಚಾಮುಂಡಿ ಬೆಟ್ಟದ ಮಹಿಷಾಸುರನಿಗೆ ಎತ್ತಿದ ಕತ್ತಿಯಿದೆ, ಇನ್ನೊಂದು ಕೈಯಲ್ಲಿ ಹಾವಿದೆ. ಮಕ್ಕಳು ಅವನೆದುರು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಖಳ ಅರ್ಧ ತೋಳಿನ ಶರ್ಟು ತೊಟ್ಟು ದೇವರಾಜ ಮಾರುಕಟ್ಟೆಗೆ ಬರುತ್ತಾನೆ. ಚೌಕಾಸಿ ಮಾಡದೆ ಒಂದು ಮಾರು ಮಲ್ಲಿಗೆ ಕೊಂಡು, ಹೂವಿನಾಕೆಯ ಮಗ ಓದುವ ಶಾಲೆಯ ಹೆಸರು ಹೇಳಿ ಹೋಗುತ್ತಾನೆ. ಆಕೆ ಅದನ್ನು ಅವನಿಗೆ ಹೇಳಿರಲೇ ಇಲ್ಲ. ಈ ಪುಟದಲ್ಲಿ ರಕ್ತದ ಹನಿಯೂ ಇಲ್ಲ. ಓದಿದವರು ಮೊದಲು ನೆನಪಿಸಿಕೊಳ್ಳುವುದು ಇದನ್ನೇ.

4. ಹೊಡೆತ ಎರಡು ಚೌಕಗಳ ನಡುವೆ ಬೀಳಲಿ.
ಮೊದಲ ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ. ನಡುವಿನ ಖಾಲಿ ಜಾಗದಲ್ಲಿ ನಡೆದದ್ದನ್ನು ಓದುಗನೇ ಕಲ್ಪಿಸಿಕೊಳ್ಳುತ್ತಾನೆ. ನೀವು ಬರೆಯುವುದಕ್ಕಿಂತ ಭೀಕರವಾಗಿಯೇ ಕಲ್ಪಿಸಿಕೊಳ್ಳುತ್ತಾನೆ.

5. ಕಪ್ಪಿಗೂ ಲೆಕ್ಕವಿರಲಿ.
ಪುಟವಿಡೀ ಕಪ್ಪು ತುಂಬಿದರೆ ತೆಳು ಕಾಗದದಲ್ಲಿ ಶಾಯಿ ಹಿಂಬದಿಗೆ ಇಣುಕುತ್ತದೆ, ಮುಖಗಳು ಕಲಸಿಹೋಗುತ್ತವೆ. ಭಾನುವಾರ ಸಂಜೆ ಅರಮನೆಯ ದೀಪಗಳು ಆರುವ ಹೊತ್ತಿಗೆ ಹೋಗಿ ನಿಂತು ನೋಡಿ. ಅಷ್ಟು ಬೆಳಕು ಕಂಡ ಕಣ್ಣಿಗೆ ಪಕ್ಕದಲ್ಲಿರುವವರ ಮುಖವೂ ಕ್ಷಣಕಾಲ ಕಾಣಿಸದು. ಕತ್ತಲ ಪುಟದ ಹಿಂದಿನ ಪುಟವನ್ನು ಅಷ್ಟೇ ಬೆಳಗಿಸಿ.

6. ಖಳನ ಬಾಯಿ ಬಿಗಿಯಿರಿ.
ತೆರೆಯ ಮೇಲೆ ಖಳನಟ ವಜ್ರಮುನಿಯವರ ದನಿಯೇ ಅರ್ಧ ಕೆಲಸ ಮಾಡುತ್ತಿತ್ತು. ಕಾಗದದ ಖಳನಿಗೆ ಆ ದನಿಯಿಲ್ಲ. ಉದ್ದುದ್ದ ಡೈಲಾಗು ಕೊಟ್ಟರೆ ಅವನು ಭಾಷಣಕಾರನಾಗುತ್ತಾನೆ. ಒಂದು ಬಲೂನಿಗೆ ಒಂದೇ ವಾಕ್ಯ ಸಾಕು, ಅದೂ ಮನೆಮಾತಿನಲ್ಲಿ. ‘ಊಟ ಆಯ್ತಾ?’ ಎಂದು ಕೇಳಿ ಹೆದರಿಸಬಲ್ಲ ಖಳನನ್ನು ಬರೆಯಲು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.