ಅಪ್ಪನ ತೋಟ ಬೇರೆ, ನಿನ್ನ ಪಾಸ್‌ಬುಕ್ ಬೇರೆ

ಮಗಳೇ,

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತೇನೆ, ತೋಟದ ಕೂಲಿಯವರ ಲೈನ್ ಮನೆ ಮಕ್ಕಳ ಶಾಲೆ, ಆದಿವಾಸಿ ಹಾಡಿಗಳ ಅರಣ್ಯ ಹಕ್ಕಿನ ಅರ್ಜಿ ಅಂತ ಪೂರ್ತಿ ಹೊತ್ತು ಓಡಾಡುತ್ತೇನೆ ಎಂದೆಯಲ್ಲ. ಸಂತೋಷ. ಎಷ್ಟು ದುಡ್ಡು ಕೈಯಲ್ಲಿದ್ದರೆ ಧೈರ್ಯವಾಗಿ ರಾಜೀನಾಮೆ ಕೊಡಬಹುದು ಚಿಕ್ಕಪ್ಪಾ ಎಂದೂ ಕೇಳಿದೆ. ಸಹಕಾರ ಸಂಘದಲ್ಲಿ ಊರವರ ಸಾಲ, ಠೇವಣಿ ಬರೆದುಕೊಂಡೇ ತಲೆ ಹಣ್ಣಾದವನು ನಾನು, ಲೆಕ್ಕ ಹೇಳಿಕೊಡುತ್ತೇನೆ. ಆದರೆ ಎಷ್ಟು ಎನ್ನುವುದಕ್ಕೆ ಮೊದಲು ಎಲ್ಲಿಂದ ಎನ್ನುವುದು ಇತ್ಯರ್ಥವಾಗಲಿ.

ಹೇಗೂ ಅಪ್ಪನ ತೋಟ ಇದೆಯಲ್ಲ, ಊಟಕ್ಕೆ, ಮನೆಗೆ ಖರ್ಚಿಲ್ಲ ಎಂದು ನಿನ್ನ ಮನಸ್ಸಿನ ಮೂಲೆಯಲ್ಲಿ ಒಂದು ಲೆಕ್ಕ ಇರಬೇಕು. ಕೊಡಗಿನಲ್ಲಿ ಸಾರ್ವಜನಿಕ ಕೆಲಸಕ್ಕೆ ಇಳಿಯುವ ನಮ್ಮ ಮನೆಗಳ ಮಕ್ಕಳೆಲ್ಲ ಹೀಗೇ ಲೆಕ್ಕ ಹಾಕುವುದು. ನಾನು ಬೇಡ ಎನ್ನುವುದು ಇದನ್ನೇ.

ನಾಳೆ ಒಬ್ಬಳು ಯರವ ಆದಿವಾಸಿ ಹೆಂಗಸು ಬಂದು, ತೋಟದವರು ಕೂಲಿಯಲ್ಲಿ ಹಳೇ ಮುಂಗಡ ಮುರಿದುಕೊಳ್ಳುತ್ತಲೇ ಇದ್ದಾರೆ, ಎಷ್ಟು ಬಾಕಿ ಅಂತಲೂ ಹೇಳುವುದಿಲ್ಲ ಎಂದು ನಿನ್ನ ಮುಂದೆ ಕೂರುತ್ತಾಳೆ. ಆ ತೋಟ ಯಾರದ್ದಿರುತ್ತದೆ? ಐನ್‌ಮನೆಯವರದ್ದು, ಇಲ್ಲವೆ ನಿನ್ನ ಸೋದರಮಾವನದ್ದು, ಅದೂ ಅಲ್ಲದಿದ್ದರೆ ಅಪ್ಪನ ಜೊತೆ ಕ್ಲಬ್ಬಿನಲ್ಲಿ ಕೂರುವವರದ್ದು. ಇಷ್ಟು ಸಣ್ಣ ಜಿಲ್ಲೆಯಲ್ಲಿ ಎದುರಾಳಿ ಅಂತ ಹೊರಗಿನವನು ಸಿಗುವುದು ಕಡಿಮೆ. ಅಪ್ಪ ಆಗ ನಿನ್ನನ್ನು ಗದರಿಸುವುದಿಲ್ಲ. ಊಟಕ್ಕೆ ಕೂತಾಗ, ‘ಈ ವರ್ಷ ಕುಯ್ಲಿಗೆ ಆಳು ಸಿಗುವುದು ಕಷ್ಟ’ ಎಂದಷ್ಟೇ ಹೇಳುತ್ತಾನೆ. ಬಡಿಸುತ್ತಿರುವವಳು ಅಮ್ಮ. ಆ ತಟ್ಟೆಯ ಮುಂದೆ ಕೂತು ನೀನು ಏನು ಉತ್ತರ ಕೊಡುತ್ತೀಯ?

ದಿಡ್ಡಳ್ಳಿ ನೆನಪಿದೆಯಲ್ಲ? 2016ರ ಡಿಸೆಂಬರ್‌ನಲ್ಲಿ ಅರಣ್ಯ ಜಾಗ ಎಂದು ಅಲ್ಲಿಂದ 577 ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತರು. ಅವರಲ್ಲಿ ಬಹಳ ಜನ ಅದಕ್ಕೆ ಮೊದಲು ಇದ್ದದ್ದು ತೋಟಗಳ ಲೈನ್ ಮನೆಗಳಲ್ಲಿ. ಅವರ ಪರ ನಿಂತವರು ಯಾರು? ಮುಂದಾಳಾಗಿ ಅವರದೇ ಜನ, ಜೆ.ಕೆ. ಮುತ್ತಮ್ಮನಂಥವರು. ಹೊರಗಿನಿಂದ, ಆಗ 98 ವರ್ಷದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ. ನಮ್ಮ ಕೊಡವರೇ ಎನ್ನಬಹುದಾದವರಲ್ಲಿ ಎ.ಕೆ. ಸುಬ್ಬಯ್ಯ. ಸುಬ್ಬಯ್ಯನವರ ರಾಜಕೀಯ ನನಗೆ ಎಲ್ಲ ಸಲ ಒಪ್ಪಿಗೆಯಾಗಿತ್ತು ಎಂದೇನಲ್ಲ. ಆದರೆ ಅವರಿಗೆ ವಕೀಲಿಕೆ ಇತ್ತು, ಅನ್ನಕ್ಕೆ ಯಾರ ದಾಕ್ಷಿಣ್ಯವೂ ಬೇಕಿರಲಿಲ್ಲ. ಹಾಗಾಗಿ ಸ್ವಂತ ಸಮುದಾಯದ ಮುಖಕ್ಕೇ ಹೇಳುವುದನ್ನು ಹೇಳುತ್ತಿದ್ದರು. ದಿಡ್ಡಳ್ಳಿಯವರಿಗೆ ಕೊನೆಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಸಿಕ್ಕಿತು. ಜಾಗದ ಮೇಲೆ ಮನೆ ಏಳುವುದಕ್ಕೆ ಮತ್ತೆ ಕಾಯಬೇಕಾಯಿತು. ಇಂಥ ಕೆಲಸಕ್ಕೆ ತಿಂಗಳ ಲೆಕ್ಕ ಸಾಲುವುದಿಲ್ಲ, ವರ್ಷಗಳ ಲೆಕ್ಕವೇ ಬೇಕು. ಅಷ್ಟು ವರ್ಷ ಯಾರ ಹಂಗಿನಲ್ಲಿ ಉಣ್ಣುತ್ತೀಯ ಎನ್ನುವುದು ಸಣ್ಣ ಮಾತಲ್ಲ.

ಇನ್ನು ತೋಟವನ್ನು ನೆಚ್ಚಿಕೊಳ್ಳುವ ವಿಷಯ. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದನ್ನು ನೋಡಿದ ನಿನ್ನ ಪ್ರಾಯದವರಿಗೆ ತೋಟ ಎಂದರೆ ಬ್ಯಾಂಕು. 2001-02ರ ಹೊತ್ತಿಗೆ ಕುಯ್ಲಿನ ಕೂಲಿಯೂ ಹುಟ್ಟದೆ ಜನ ಸಂಘದ ಮೆಟ್ಟಿಲ ಮೇಲೆ ಕೂತಿದ್ದನ್ನು ನಾನು ನೋಡಿದ್ದೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ತೋಟಕ್ಕೆ ತೋಟವೇ ಜರಿದು ಹೋಯಿತು. ಪಹಣಿಯಲ್ಲಿ ಎಕರೆ ಹಾಗೇ ಇತ್ತು, ಕಣ್ಣೆದುರು ಮಾತ್ರ ಬರೀ ಕೆಂಪು ಮಣ್ಣು. ಅಷ್ಟು ದೊಡ್ಡದು ಏನೂ ಆಗದ ವರ್ಷವೂ, ಚೆರಿ ಕಣದಲ್ಲಿ ಹರವಿದ ಮೇಲೆ ಜನವರಿಯಲ್ಲಿ ಮೋಡ ಕಟ್ಟಿದರೆ ಸಾಕು. ಅಪ್ಪ ಟಾರ್ಪಾಲು ಎಳೆಸುತ್ತಾ, ಒಂದು ಹಿಡಿ ಚೆರಿ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಬೀಜ ಗಲಗಲ ಎನ್ನುತ್ತದೋ ಇಲ್ಲವೋ ಎಂದು ಕೇಳುತ್ತಾ, ಆ ರಾತ್ರಿ ನಿದ್ದೆ ಮಾಡುವುದಿಲ್ಲ. ವರ್ಷಕ್ಕೆ ಒಂದು ಸಲ ಬರುವ ಆ ದುಡ್ಡಿನಲ್ಲಿ ಅರ್ಧ, ವ್ಯಾಪಾರಿ ಮೊದಲೇ ಕೊಟ್ಟ ಮುಂಗಡಕ್ಕೆ ಹೋಗಿರುತ್ತದೆ. ಅದರ ಮೇಲೆ ನಿನ್ನದೂ ಒಂದು ಭಾರ ಬೇಡ. ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರಿದ ಜಮ್ಮಾ ಜಾಗದಲ್ಲಿ ನಿನ್ನ ಪಾಲು, ಅಣ್ಣನ ಪಾಲು ಎನ್ನುವ ಮಾತನ್ನೂ ಈ ಲೆಕ್ಕಕ್ಕೆ ತರಬೇಡ. ಒಕ್ಕದ ಹತ್ತಾರು ಹೆಸರಿರುವ ಪಹಣಿ ನಿನ್ನ ಕಾಲಕ್ಕೆ ಬಿಡಿಸಿಕೊಳ್ಳುತ್ತದೆ ಎಂಬ ಭರವಸೆ ನನಗಿಲ್ಲ.

ನಮ್ಮೂರಲ್ಲಿ ಸಾರ್ವಜನಿಕ ಕೆಲಸಕ್ಕೆ ಕರೆದರೆ ಮೊದಲು ಬರುವವರು ಸೈನ್ಯದಿಂದ ನಿವೃತ್ತರಾದವರು. ಯಾಕೆ ಎಂದು ಯೋಚಿಸಿದ್ದೀಯಾ? ದೇಶಪ್ರೇಮ, ಶಿಸ್ತು ಎಲ್ಲ ಸರಿ. ಅದರ ಜೊತೆಗೆ ತಿಂಗಳ ಕೊನೆಗೆ ಪಿಂಚಣಿ ಬೀಳುತ್ತದೆ, ಆಸ್ಪತ್ರೆಗೆ ಇಸಿಎಚ್‌ಎಸ್ ಕಾರ್ಡಿದೆ. ನಿನಗೆ ಈ ಎರಡನ್ನೂ ಯಾರೂ ಕೊಡುವುದಿಲ್ಲ, ನೀನೇ ಕಟ್ಟಿಕೊಳ್ಳಬೇಕು.

ಬಾ, ಈಗ ಲೆಕ್ಕಕ್ಕೆ. ಗೋಣಿಕೊಪ್ಪದಲ್ಲೋ ಪೊನ್ನಂಪೇಟೆಯಲ್ಲೋ ಸಣ್ಣ ಬಾಡಿಗೆ ಮನೆ, ಊಟ, ಸ್ಕೂಟರಿನ ಪೆಟ್ರೋಲು, ಫೋನು, ಮಳೆಗಾಲದಲ್ಲಿ ಜೀಪು ಬಾಡಿಗೆ ಎಲ್ಲ ಸೇರಿ ತಿಂಗಳಿಗೆ 25,000 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಮೂರು ಲಕ್ಷ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಅದೇ ಬದುಕಿಗೆ ತಿಂಗಳಿಗೆ 50,000 ಬೇಕು. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದೇನೆ ಎಂದೆಯಲ್ಲ, ಅದು ಬೆಂಗೆನ್ ಎಂಬ ಅಮೆರಿಕದವನು 1994ರಲ್ಲಿ ಅಲ್ಲಿಯ ಮಾರುಕಟ್ಟೆ ನೋಡಿ, ನಿವೃತ್ತರ 30 ವರ್ಷಕ್ಕೆಂದು ಹಾಕಿದ ಲೆಕ್ಕದಿಂದ ಬಂದದ್ದು. ನಿನಗೀಗ 34. ಮುಂದೆ 50 ವರ್ಷ ಬದುಕಬೇಕಾದವಳಿಗೆ, ನಮ್ಮ ಬೆಲೆಯೇರಿಕೆಯಲ್ಲಿ, 35-40 ಪಟ್ಟಾದರೂ ಬೇಕು. ಅಂದರೆ ಒಂದು ಕೋಟಿಯ ಮೇಲೆ. ಅಷ್ಟು ಕೂಡಿಡುವ ತನಕ ಕಾದರೆ ನಿನ್ನ ಕೂದಲೂ ನನ್ನ ಹಾಗೆ ಆಗುತ್ತದೆ.

ಪೂರ್ಣಾವಧಿ ಎಂದರೆ ಆಯುಷ್ಯವಿಡೀ ಎಂದು ಯಾರು ಹೇಳಿದರು? ಐದು ವರ್ಷ ಎಂದು ಹೊರಡು. ಬೆಲೆಯೇರಿಕೆ ಸೇರಿಸಿದರೆ ಐದು ವರ್ಷಕ್ಕೆ ಸುಮಾರು 17 ಲಕ್ಷ. ವಾಪಸು ಕೆಲಸ ಹುಡುಕಬೇಕಾಗಿ ಬಂದರೆ ಅದಕ್ಕೆ ಒಂದು ವರ್ಷದ್ದು, ನಾಲ್ಕು ಲಕ್ಷ. 21 ಲಕ್ಷ ನಿನ್ನ ಕೈಗೆಟುಕದ ಮೊತ್ತವಲ್ಲ, ಎರಡು ವರ್ಷ ಬಿಗಿ ಹಿಡಿದರೆ ಆಯಿತು. ಐದು ಠೇವಣಿ ಮಾಡು, ಪ್ರತಿ ಏಪ್ರಿಲ್‌ಗೆ ಒಂದೊಂದು ಅವಧಿ ಮುಗಿಯುವ ಹಾಗೆ. ಬೇರೆ ಬೇರೆ ಬ್ಯಾಂಕಿನಲ್ಲಿಡು, ಒಂದು ಬ್ಯಾಂಕಿಗೆ ಐದು ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಇರುವುದು. ನಮ್ಮಂಥ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆಯೇ ಇಲ್ಲ, ಸಂಘದ ಅನ್ನ ಉಂಡವನು ನಾನೇ ಹೇಳುತ್ತಿದ್ದೇನೆ. ಷೇರಿನ ದುಡ್ಡಿದ್ದರೆ ಇರಲಿ, ಅದು ಈ ಐದು ವರ್ಷದ ಲೆಕ್ಕಕ್ಕೆ ಬರಬಾರದು.

ಪಿಎಫ್ ಮುರಿಯಬೇಡ. ನೀನು ಕೆಲಸಕ್ಕೆ ಸೇರಿದ್ದು 2014ರ ಸೆಪ್ಟೆಂಬರ್‌ಗೆ ಮೊದಲು, ಹಾಗಾಗಿ ಪಿಂಚಣಿ ಖಾತೆಯೂ ನಡೆಯುತ್ತಿರಬೇಕು. ಹತ್ತು ವರ್ಷ ಸೇವೆ ತುಂಬಿದವರಿಗೆ 58ರ ನಂತರ ಒಂದಿಷ್ಟು ಬರುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೂ ಪಾಸ್‌ಬುಕ್ ತೆಗೆದು ವರ್ಷಗಳನ್ನು ಎಣಿಸಿ ನೋಡಿ ಆಮೇಲೆ ರಾಜೀನಾಮೆ ಕೊಡು.

ಆರೋಗ್ಯ ವಿಮೆಯಲ್ಲಿ ಮಾತ್ರ ಒಂದು ದಿನವೂ ಸಡಿಲ ಬಿಡಬೇಡ. ಕಂಪನಿಯ ವಿಮೆ ಕೆಲಸ ಬಿಟ್ಟ ದಿನಕ್ಕೆ ಮುಗಿಯುತ್ತದೆ. ಈಗಲೇ ನಿನ್ನ ಹೆಸರಿಗೆ ಒಂದು ಮಾಡಿಸು. ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಆ ಕಾಯುವಿಕೆ ಸಂಬಳ ಬರುವಾಗಲೇ ಕಳೆಯಲಿ. ಮಡಿಕೇರಿಯಲ್ಲಿ ಆಗದ್ದಕ್ಕೆ ಮೈಸೂರಿಗೋ ಮಂಗಳೂರಿಗೋ ಓಡುವ ಜಿಲ್ಲೆ ನಮ್ಮದು, ಆ್ಯಂಬುಲೆನ್ಸ್ ಬಾಡಿಗೆಯೇ ಒಂದು ಖರ್ಚು.

ಬ್ಯಾಂಕಿನ ಸಲಹೆಗಾರರು ಹೇಳದ ಒಂದು ಬಾಬ್ತು ಇದೆ, ಕೇಸು. ಧರಣಿ ಕೂತರೆ, ರಸ್ತೆ ತಡೆದರೆ ಒಂದು ಎಫ್‌ಐಆರ್ ಆಗಿಯೇ ಆಗುತ್ತದೆ. ಜಾಮೀನಿಗೆ ಪಹಣಿ ಹಿಡಿದು ಬಂದು ಸಹಿ ಹಾಕುವವರು ಬೇಕು. ಜಮ್ಮಾ ಪಹಣಿಯಾದರೆ ಅದರಲ್ಲಿರುವ ಹೆಸರುಗಳನ್ನು ನೋಡಿ ಕೋರ್ಟಿನ ಗುಮಾಸ್ತನೇ ನಿಟ್ಟುಸಿರು ಬಿಡುತ್ತಾನೆ. ನಿನ್ನ ಜಾಮೀನಿಗೆ ಯಾರು ಬರುತ್ತಾರೆ ಎನ್ನುವುದನ್ನು ಕೇಸಾದ ರಾತ್ರಿ ಹುಡುಕಬಾರದು, ಈಗಲೇ ಕೇಳಿಟ್ಟುಕೊ. ಸಮನ್ಸ್ ಬಂದಾಗಲೆಲ್ಲ ವಿರಾಜಪೇಟೆಗೋ ಮಡಿಕೇರಿಗೋ ಹೋಗಿ ನಿಲ್ಲುವ ದಿನಗಳೂ, ವಕೀಲರ ಖರ್ಚೂ ಸೇರಿ ಒಂದು ಲಕ್ಷ ಬೇರೆ ಎತ್ತಿಡು. ಪಾಸ್‌ಪೋರ್ಟ್ ನವೀಕರಿಸುವುದಿದ್ದರೆ ಕೇಸಿಗೆ ಮೊದಲೇ ಮಾಡಿಸಿಕೊ.

ಪುಕ್ಕಟೆ ದುಡಿದರೇ ಸೇವೆ ಎಂಬ ಭ್ರಮೆ ಇದ್ದರೆ ಬಿಡು. ಐಎಎಸ್ ಬಿಟ್ಟು ಬಂದ ಅರುಣಾ ರಾಯ್ ಮತ್ತವರ ಜೊತೆಗಾರರು 1990ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಅಲ್ಲಿ ಪೂರ್ಣಾವಧಿ ಕಾರ್ಯಕರ್ತರು ತೆಗೆದುಕೊಳ್ಳುವುದು ಸರ್ಕಾರದ ಕನಿಷ್ಠ ಕೂಲಿಯ ಲೆಕ್ಕದಲ್ಲಿ. ಕೂಲಿಯವರ ಜೊತೆ ಕೂಲಿಯಷ್ಟೇ, ಆದರೆ ಕೂಲಿ ಉಂಟು. ನೀನು ಸೇರುವ ಸಂಘಟನೆ ಗೌರವಧನ ಕೊಟ್ಟರೆ ತೆಗೆದುಕೊ. ವಾರಕ್ಕೆ ಎರಡು ದಿನ ಕಂಪ್ಯೂಟರ್ ಕೆಲಸ ಮಾಡಿ ಅರ್ಧ ಖರ್ಚು ಹುಟ್ಟಿಸಿಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಐದು ವರ್ಷದ ದುಡ್ಡು ಹತ್ತು ವರ್ಷದ ಹತ್ತಿರ ಹೋಗುತ್ತದೆ. ಧಾರವಾಡದ ಎಸ್.ಆರ್. ಹಿರೇಮಠರನ್ನೂ ನೋಡು. ಅಮೆರಿಕದಲ್ಲಿ ಕೆಲಸದಲ್ಲಿದ್ದಾಗಲೇ 1974ರಲ್ಲಿ ಸ್ನೇಹಿತರೊಂದಿಗೆ ಇಂಡಿಯಾ ಡೆವಲಪ್‌ಮೆಂಟ್ ಸರ್ವೀಸ್ ಕಟ್ಟಿದರು, ಹೆಂಡತಿಯ ಜೊತೆ ಊರಿಗೆ ಬಂದು ರಾಣೆಬೆನ್ನೂರಿನ ಮೆಡ್ಲೇರಿಯಲ್ಲಿ ಕೆಲಸ ಹಿಡಿದದ್ದು 1979ರಲ್ಲಿ. ಎದ್ದ ಕಾಲಲ್ಲಿ ಹೊರಟವರಲ್ಲ.

ಬೇರೆಯವರ ದುಡ್ಡಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು, ಬೇಜಾರು ಮಾಡಿಕೊಳ್ಳಬೇಡ. 2018ರಲ್ಲಿ ಜನ ಹೇಗೆ ಕೊಟ್ಟರು, ನೋಡಿದ್ದೀಯ. ಇನ್ನೊಂದು ಮಳೆಗಾಲ ಅಂಥದ್ದು ಬಂದರೆ ನಿನ್ನ ಫೋನ್ ನಂಬರಿಗೇ ಹಣ ಹಾಕುತ್ತಾರೆ, ನಿನ್ನ ಅಕ್ಕಿಯ ದುಡ್ಡೂ ಸಂತ್ರಸ್ತರ ಅಕ್ಕಿಯ ದುಡ್ಡೂ ಒಂದೇ ಖಾತೆಯಲ್ಲಿ ಕೂರುತ್ತದೆ. ಒಂದು ರೂಪಾಯಿಯೂ ನಿನ್ನ ಖಾತೆಗೆ ಬೀಳಬಾರದು. ನೋಂದಾಯಿತ ಟ್ರಸ್ಟ್ ಅಥವಾ ಸಂಘ, ಅದಕ್ಕೆ ಬೇರೆ ಖಾತೆ, ಇಬ್ಬರ ಸಹಿ, ಪ್ರತಿ ವರ್ಷ ಆಡಿಟ್. ಅಮೆರಿಕದಲ್ಲಿರುವ ನಮ್ಮ ನೆಂಟರು ಡಾಲರ್ ಕಳಿಸುತ್ತೇವೆ ಎಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳು. ಭಾರತದ ಪೌರತ್ವ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದವರದ್ದಾದರೆ, ರಕ್ತಸಂಬಂಧಿಯೇ ಇರಲಿ, ಸಂಘಟನೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ನಿನ್ನ ಬಾಯಿ ಮುಚ್ಚಿಸಬೇಕು ಎಂದುಕೊಂಡವರು ಮೊದಲು ಕೆದಕುವುದೇ ಲೆಕ್ಕದ ಪುಸ್ತಕವನ್ನು.

ಅಪ್ಪ ಅಮ್ಮನ ವಿಷಯ. ಅವರ ಆಸ್ಪತ್ರೆ ಖರ್ಚಿಗೆ ನಿನ್ನ ಪಾಲು ಎಷ್ಟು, ಅಣ್ಣನ ಪಾಲು ಎಷ್ಟು ಎಂದು ಈಗಲೇ ಮಾತಾಡಿಕೊಳ್ಳಿ. ಮಾತಾಡದೆ ಬಿಟ್ಟರೆ, ಊರಲ್ಲೇ ಇರುವವಳು, ‘ಕೆಲಸ ಇಲ್ಲದವಳು’ ಎಂದು ಎಲ್ಲ ಓಡಾಟ ನಿನ್ನ ತಲೆಗೇ ಬರುತ್ತದೆ. ಮನೆಯಲ್ಲೇ ಇರುತ್ತೇನೆ ಎಂದು ಹಟ ಮಾಡಿದರೆ ತಿಂಗಳಿಗೆ ಇಷ್ಟು ಎಂದು ಅಮ್ಮನ ಕೈಗೆ ಕೊಡು. ಬೇಡ ಎನ್ನುತ್ತಾಳೆ, ಆದರೂ ಕೊಡು.

ಹುತ್ತರಿ ಹಬ್ಬಕ್ಕೆ ಬರುತ್ತೀಯಲ್ಲ? ಈ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ವಿಮೆಯ ಕಾಗದ ಎಲ್ಲ ತೆಗೆದುಕೊಂಡು ಬಾ. ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಆದರೆ ನಮ್ಮ ತೋಟದ ಲೈನ್ ಮನೆಗಳ ಮುಂಗಡದ ಪುಸ್ತಕ ತೋರಿಸು ಎಂದು ಕೇಳುವುದನ್ನು ನಿನಗೇ ಬಿಟ್ಟಿದ್ದೇನೆ. ಕುಯ್ಲು ಶುರುವಾಗುವ ಮೊದಲೇ ಕೇಳು, ಆಮೇಲೆ ಅವನಿಗೆ ಪುರುಸೊತ್ತಿರುವುದಿಲ್ಲ.